ಶಾಲೆಯ ಬಾಗಿಲಲ್ಲಿ ಹುಟ್ಟಿದ ಜಗಳಗಳು

ಗಡಿನಾಡು ಎಂದೊಡನೆ ಕಾಸರಗೋಡಿನವರಾದ ನಮಗೆ ಚಂದ್ರಗಿರಿ ಹೊಳೆ ನೆನಪಾಗುತ್ತದೆ. ಆದರೆ 1956ರ ನವೆಂಬರ್ 1ರಂದು, ಅದೇ ಕಾಯಿದೆಯ ಬಲದಿಂದ, ಇನ್ನೂ ಕೆಲವು ತಾಲೂಕುಗಳು ಬೇರೆಯಾದವು. ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಾಗ ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಆಂಧ್ರಪ್ರದೇಶಕ್ಕೆ ಸೇರಿದವು. ಇಂದು ತೆಲಂಗಾಣದ ಜೋಗುಳಾಂಬ ಗದ್ವಾಲ ಜಿಲ್ಲೆಯಲ್ಲಿರುವ ಕಾಲೂರು ತಿಮ್ಮನದೊಡ್ಡಿ, ಜನರ ಬಾಯಲ್ಲಿ ಕೆ.ಟಿ. ದೊಡ್ಡಿ, ಆ ಸೀಮೆಯ ಊರು. ದೊಡ್ಡಿ ಎಂಬ ಮಾತು ಕನ್ನಡಕ್ಕೂ ಸಲ್ಲುತ್ತದೆ, ತೆಲುಗಿಗೂ ಸಲ್ಲುತ್ತದೆ. ಜಗಳವಾದದ್ದು ಊರಿನ ಹೆಸರಿಗಲ್ಲ, ಶಾಲೆಗೆ.

ನಾಡಿನ ಗಲಭೆಗಳಿಂದ ಶಾಲೆಗಳು ಮುಚ್ಚುತ್ತವೆ ಎಂದು ನಾವು ಹೇಳುವುದುಂಟು. ಹಳೆಯ ಹೈದರಾಬಾದು ಸಂಸ್ಥಾನದ ಚರಿತ್ರೆಯನ್ನು ನೋಡಿದರೆ ನನಗೆ ಇದರ ತಿರುವುಮುರುವೂ ಕಾಣುತ್ತದೆ. ಅಲ್ಲಿ ಹಲವು ಗಲಭೆಗಳು ಶಾಲೆಯ ಬಾಗಿಲಲ್ಲೇ ಹುಟ್ಟಿದವು.

ಉಸ್ಮಾನಿಯಾ ವಿಶ್ವವಿದ್ಯಾನಿಲಯ 1918ರಲ್ಲಿ ಉರ್ದುವಿನಲ್ಲಿ ಉನ್ನತ ಶಿಕ್ಷಣ ಕೊಡಲೆಂದು ಸ್ಥಾಪನೆಯಾಯಿತು. ಇಂಗ್ಲಿಷಿನ ಕಾಲದಲ್ಲಿ ಅದು ದಿಟ್ಟ ಹೆಜ್ಜೆಯೇ ಸರಿ. ಆದರೆ ಆ ಸಂಸ್ಥಾನದಲ್ಲಿ ಹತ್ತರಲ್ಲಿ ಎಂಟು ಜನರ ಮನೆಮಾತು ತೆಲುಗು, ಮರಾಠಿ ಇಲ್ಲವೆ ಕನ್ನಡ. ಉದ್ಯೋಗದ ದಾರಿ ಉರ್ದುವಿನ ಮೂಲಕವೇ ಹೋಗುತ್ತಿದ್ದುದರಿಂದ ಹಳ್ಳಿಯ ಮಗುವಿಗೆ ಓದು ಎಂದರೆ ಮೊದಲು ಇನ್ನೊಂದು ಭಾಷೆಯ ಬೇಲಿ ಹಾರುವುದು ಎಂದಾಯಿತು. 1938ರ ಕೊನೆಯಲ್ಲಿ ಅದೇ ವಿದ್ಯಾಲಯದ ವಸತಿಗೃಹದಲ್ಲಿ ವಂದೇ ಮಾತರಂ ಹಾಡಬಾರದೆಂದು ಕಟ್ಟಪ್ಪಣೆಯಾಯಿತು. ವಿದ್ಯಾರ್ಥಿಗಳು ಮುಷ್ಕರ ಹೂಡಿದರು. ನೂರಾರು ಮಂದಿಯನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರು ನಾಗಪುರದಲ್ಲಿ ಓದು ಮುಂದುವರಿಸಿದರು. ಮುಂದೆ ಪ್ರಧಾನಿಯಾದ ಪಿ.ವಿ. ನರಸಿಂಹರಾವ್ ಅವರಲ್ಲೊಬ್ಬರು.

1948ರ ಸೆಪ್ಟೆಂಬರಿನ ಸೈನಿಕ ಕಾರ್ಯಾಚರಣೆಯಿಂದ ನಿಜಾಮರ ಆಳ್ವಿಕೆ ಕೊನೆಗೊಂಡಿತು. ಶಾಲೆಯ ಜಗಳ ಕೊನೆಗೊಳ್ಳಲಿಲ್ಲ. 1952ರಲ್ಲಿ ವರಂಗಲ್ಲಿನಲ್ಲಿ ಹೊರಗಿನವರನ್ನು ಅಧ್ಯಾಪಕರನ್ನಾಗಿ ನೇಮಿಸಿದರೆಂದು ವಿದ್ಯಾರ್ಥಿಗಳು ಬೀದಿಗಿಳಿದರು. ಸೆಪ್ಟೆಂಬರಿನಲ್ಲಿ ಹೈದರಾಬಾದಿನಲ್ಲಿ ಗೋಲಿಬಾರಾಗಿ ಹಲವರು ಸತ್ತರು. ಇದೇ ಮುಲ್ಕಿ ಚಳವಳಿ. ಮುಲ್ಕಿ ಎಂದರೆ ನಾಡಿನವನು. 1919ರ ಫರ್ಮಾನಿನಂತೆ ಹದಿನೈದು ವರ್ಷ ನೆಲೆಸಿದವನಿಗೆ ಆ ಹಕ್ಕು ಸಿಗುತ್ತಿತ್ತು. 1969ರ ತೆಲಂಗಾಣ ಚಳವಳಿಯಲ್ಲೂ ಮುಂದೆ ನಿಂತವರು ವಿದ್ಯಾರ್ಥಿಗಳೇ. ಬೇಡಿಕೆಯೂ ಅದೇ: ನಮ್ಮ ಸೀಟು ನಮಗೆ, ನಮ್ಮ ಕೆಲಸ ನಮಗೆ.

ಪರಿಹಾರವಾಗಿ ಸಂವಿಧಾನಕ್ಕೆ 371-ಡಿ ವಿಧಿ ಸೇರಿತು. 1974ರಲ್ಲಿ ರಾಷ್ಟ್ರಪತಿಗಳ ಆದೇಶ ಹೊರಟಿತು. ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ನಿಜಾಮರ ಕಾಲದಲ್ಲಿ ಎಲ್ಲಿ ನೆಲೆಸಿದ್ದಾನೆ ಎಂದು ಕೇಳುತ್ತಿದ್ದರು. ಈಗ ಎಲ್ಲಿ ಓದಿದ್ದಾನೆ ಎಂಬುದು ಮುಖ್ಯವಾಯಿತು. ಸತತ ನಾಲ್ಕು ವರ್ಷ ಆ ಪ್ರದೇಶದ ಶಾಲೆಯಲ್ಲಿ ಓದಿದವನು ಸ್ಥಳೀಯ. ಒಳನಾಡಿನ ಮಕ್ಕಳಿಗೆ ಇದು ನ್ಯಾಯವೇ. ಆದರೆ ಗಡಿಯಂಚಿನ ಹಳ್ಳಿಯಿಂದ ಕನ್ನಡದಲ್ಲಿ ಓದಲೆಂದು ರಾಯಚೂರಿನ ಕಡೆಗೆ ಹೋದ ಮಗುವಿನ ಗತಿ? ಮನೆ ಅಲ್ಲಿ, ಪಾಟಿಚೀಲ ಇಲ್ಲಿ. ತಾಯ್ನುಡಿಯಲ್ಲಿ ಓದಿದರೆ ಹುಟ್ಟೂರಿನಲ್ಲಿ ಹೊರಗಿನವನಾಗುವ ಭಯ. ಹುಟ್ಟೂರಿನವನಾಗಿ ಉಳಿದರೆ ತಾಯ್ನುಡಿ ಕೈಬಿಡುವ ಭಯ. ಒಂದು ಜಗಳವನ್ನು ತಣಿಸಿದ ನಿಯಮ ಇನ್ನೊಂದು ಚಿಕ್ಕ ಅನ್ಯಾಯವನ್ನು ಗಡಿಯಲ್ಲಿ ಬಿಟ್ಟುಹೋಯಿತು.

ನಮ್ಮಲ್ಲೂ ಕನ್ನಡ ಶಾಲೆಗೆ ಕನ್ನಡ ಬಾರದ ಅಧ್ಯಾಪಕರು ನೇಮಕವಾದಾಗ ಮಕ್ಕಳೂ ಹೆತ್ತವರೂ ಪ್ರತಿಭಟಿಸಿದ್ದಾರೆ. ಅದು ಮಲಯಾಳಂ ಮೇಲಿನ ಹಗೆಯಲ್ಲ ಎಂಬುದನ್ನು ಈ ಸಂಚಿಕೆಯ ಮಲಯಾಳಿ ಓದುಗರು ಬಲ್ಲರು. ಪಾಠ ಅರ್ಥವಾಗದ ಮಗು ಭಾಷಾಭಿಮಾನಕ್ಕಾಗಿ ಅಳುವುದಿಲ್ಲ, ಪಾಠಕ್ಕಾಗಿ ಅಳುತ್ತದೆ. ದೊಡ್ಡವರು ಅದನ್ನು ಕಾಲದಲ್ಲಿ ಕೇಳಿಸಿಕೊಳ್ಳದಿದ್ದರೆ ಆ ಅಳು ಘೋಷಣೆಯಾಗುತ್ತದೆ, ಮತ್ತೆ ಕಲ್ಲಾಗುತ್ತದೆ.

ಶಾಲೆ ಒಡೆಯಲೂ ಬಲ್ಲದು, ಕೂಡಿಸಲೂ ಬಲ್ಲದು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಪಂಡಿತ ತಾರಾನಾಥರು 1920ರಲ್ಲಿ ರಾಯಚೂರಿನಲ್ಲಿ ಶಾಲೆ ಕಟ್ಟಿದಾಗ ಅದಕ್ಕಿಟ್ಟ ಹೆಸರು ಹಮ್‌ದರ್ದ್. ನೋವಿನಲ್ಲಿ ಜೊತೆಯಾದವನು ಎಂದು ಅದರ ಅರ್ಥ. ಕನ್ನಡದ ಊರಿಗೆ ಕಡಲ ತಡಿಯವರೊಬ್ಬರು ಉರ್ದು ಹೆಸರಿನ ಶಾಲೆ ಕೊಟ್ಟರು; ಯಾರೂ ಹೊರಗಿನವರಾಗಲಿಲ್ಲ. ಗಡಿನಾಡಿನ ಶಾಲೆಗಳನ್ನು ನಡೆಸುವವರು, ಅವು ಯಾವ ರಾಜ್ಯದಲ್ಲೇ ಇರಲಿ, ಆ ಹೆಸರಿನ ಅರ್ಥವನ್ನೊಮ್ಮೆ ಯೋಚಿಸಿದರೆ ಸಾಕು.