ದ್ವಿಚಕ್ರ ಸವಾರರ ಗೋಚರತೆ ಮತ್ತು ರಕ್ಷಣಾತ್ಮಕ ಸವಾರಿ

ಬೈಕ್, ಸ್ಕೂಟರ್, ಮೊಪೆಡ್ ಸವಾರರು ರಸ್ತೆಯಲ್ಲಿರುವ ಇತರರ ಕಣ್ಣಿಗೆ ಹೊತ್ತಿಗೆ ಸರಿಯಾಗಿ ಬೀಳಲು ನೆರವಾಗುವ ದೀಪ, ಬಣ್ಣ, ಪ್ರತಿಫಲಕಗಳ ಏರ್ಪಾಡನ್ನು ಗೋಚರತೆ ಎಂದೂ, ಬೇರೆಯವರು ತಪ್ಪು ಮಾಡಿದರೂ ತಮಗೆ ಪೆಟ್ಟಾಗದಂತೆ ವೇಗ, ಅಂತರ, ಜಾಗಗಳನ್ನು ಮೊದಲೇ ಹೊಂದಿಸಿಕೊಂಡು ಹೋಗುವ ಕ್ರಮವನ್ನು ರಕ್ಷಣಾತ್ಮಕ ಸವಾರಿ ಎಂದೂ ಕರೆಯುತ್ತಾರೆ. ಇವೆರಡನ್ನು ಬೇರೆಬೇರೆ ಪಾಠಗಳಾಗಿ ಹೇಳಿಕೊಡುವ ರೂಢಿಯಿದ್ದರೂ ಇಲ್ಲಿ ಒಟ್ಟಿಗೆ ನೋಡಲಾಗಿದೆ. ಸವಾರರು ರಸ್ತೆಯ ಯಾವ ಭಾಗದಲ್ಲಿದ್ದಾರೆ ಎಂಬುದು ಅವರು ತೊಟ್ಟ ಬಟ್ಟೆಯ ಬಣ್ಣದಷ್ಟೇ, ಎಷ್ಟೋ ಸಲ ಅದಕ್ಕಿಂತ ಹೆಚ್ಚಾಗಿ, ಅವರನ್ನು ತೋರಿಸುತ್ತದೆ ಅಥವಾ ಮರೆಮಾಡುತ್ತದೆ.

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 74,897 ಮಂದಿ, ಅಂದರೆ ಶೇ. 44.5ರಷ್ಟು, ದ್ವಿಚಕ್ರ ವಾಹನಗಳಲ್ಲಿದ್ದವರು. ಹೆಲ್ಮೆಟ್ ಇದಕ್ಕೆ ಬಹುಮುಖ್ಯ ಉತ್ತರ. ಆದರೆ ಅದು ಕೆಲಸಕ್ಕೆ ಬರುವುದು ಡಿಕ್ಕಿಯಾದ ಮೇಲೆ. ಈ ಲೇಖನದ ವಿಷಯ ಡಿಕ್ಕಿಗೆ ಮೊದಲಿನ ನಾಲ್ಕಾರು ಸೆಕೆಂಡುಗಳು.

ಅಧ್ಯಯನಗಳು

ಈ ಕ್ಷೇತ್ರದ ಬುನಾದಿ ಕೃತಿಯೆಂದು ಇಂದಿಗೂ ಪರಿಗಣಿಸುವುದು ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಮತ್ತು ಸಂಗಡಿಗರು 1981ರಲ್ಲಿ ಹೊರತಂದ ವರದಿಯನ್ನು. ಲಾಸ್ ಏಂಜಲೀಸ್ ಪ್ರದೇಶದ ಸುಮಾರು 900 ಮೋಟಾರ್ ಸೈಕಲ್ ಅಪಘಾತಗಳ ಸ್ಥಳಕ್ಕೇ ಹೋಗಿ ಅವರು ತನಿಖೆ ಮಾಡಿದರು. 3,600 ಪೊಲೀಸ್ ವರದಿಗಳನ್ನೂ ಓದಿದರು. ಮುಕ್ಕಾಲು ಪಾಲು ಅಪಘಾತಗಳಲ್ಲಿ ಇನ್ನೊಂದು ವಾಹನವಿತ್ತು. ಅಂಥವುಗಳಲ್ಲಿ ಮೂರರಲ್ಲಿ ಎರಡು ಭಾಗ, ಬೈಕಿಗೆ ದಾರಿ ಬಿಡಬೇಕಾಗಿದ್ದ ಚಾಲಕ ಬಿಡದೇ ನಡೆದವು. ಹೆಚ್ಚಿನವು ಕೂಡುರಸ್ತೆಗಳಲ್ಲಿ ಆದವು. ವೇಗದ ಬಗ್ಗೆ ಜನರಲ್ಲಿರುವ ಕಲ್ಪನೆಗೆ ವಿರುದ್ಧವಾಗಿ, ಅಪಾಯ ಎದುರಾಗುವ ಮೊದಲು ಬೈಕುಗಳ ಮಧ್ಯಕ ವೇಗ ಗಂಟೆಗೆ 48 ಕಿ.ಮೀ. ಆಸುಪಾಸಿನಲ್ಲಿತ್ತು. ತಪ್ಪಿಸಿಕೊಳ್ಳಲು ಸವಾರನಿಗೆ ಸಿಕ್ಕ ಕಾಲ ಸಾಮಾನ್ಯವಾಗಿ ಎರಡು ಸೆಕೆಂಡಿಗಿಂತ ಕಡಿಮೆ.

ಯುರೋಪಿನ ಐದು ದೇಶಗಳಲ್ಲಿ 921 ಅಪಘಾತಗಳನ್ನು ಹೀಗೆಯೇ ಶೋಧಿಸಿದ ಮೇಯ್ಡ್ಸ್ ಅಧ್ಯಯನವೂ ಅದೇ ದಿಕ್ಕಿನ ಫಲಿತಾಂಶ ಕೊಟ್ಟಿತು: ಅರ್ಧದಷ್ಟು ಪ್ರಕರಣಗಳಲ್ಲಿ ಮುಖ್ಯ ಕಾರಣ ಇನ್ನೊಂದು ವಾಹನದ ಚಾಲಕರ ತಪ್ಪು, ಆ ತಪ್ಪುಗಳಲ್ಲಿ ಶೇ. 70ಕ್ಕೂ ಹೆಚ್ಚು ಬೈಕನ್ನು ಗಮನಿಸದೇ ಹೋದದ್ದು. 2004ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾದ ನ್ಯೂಜಿಲೆಂಡಿನ ಆಕ್ಲೆಂಡ್ ಪ್ರದೇಶದ ಅಧ್ಯಯನ ಪರಿಹಾರದ ಕಡೆಯಿಂದ ಲೆಕ್ಕ ಹಾಕಿತು. ಹೊಳೆಯುವ ಅಥವಾ ಪ್ರತಿಫಲಿಸುವ ಉಡುಪು ತೊಟ್ಟವರಲ್ಲಿ ಗಂಭೀರ ಗಾಯದ ಅಪಾಯ ಶೇ. 37ರಷ್ಟು, ಹಗಲಲ್ಲೂ ಹೆಡ್‌ಲೈಟ್ ಹಾಕಿದವರಲ್ಲಿ ಶೇ. 27ರಷ್ಟು ಕಡಿಮೆಯಿತ್ತು. ಕಪ್ಪು ಹೆಲ್ಮೆಟ್‌ಗೆ ಹೋಲಿಸಿದರೆ ಬಿಳಿ ಹೆಲ್ಮೆಟ್ ಧರಿಸಿದವರಲ್ಲಿ ಅಪಾಯ ಶೇ. 24ರಷ್ಟು ಕಡಿಮೆ. ಈ ಅಂಕಿಗಳನ್ನು ಬಳಸುವಾಗ ಒಂದು ಎಚ್ಚರ ಬೇಕು: ಹೊಳೆಯುವ ಜಾಕೆಟ್ ಕೊಂಡು ತೊಡುವವರು ಸ್ವಭಾವತಃ ಜೋಪಾನವಾಗಿ ಓಡಿಸುವವರೂ ಆಗಿರಬಹುದು. ಅಧ್ಯಯನ ಎಷ್ಟೇ ಜಾಗ್ರತೆಯಿಂದ ನಡೆದರೂ ಇವೆರಡನ್ನು ಪೂರ್ತಿಯಾಗಿ ಬೇರ್ಪಡಿಸುವುದು ಕಷ್ಟ.

ಕಣ್ಣು ತಪ್ಪುವ ಬಗೆ

"ನೋಡಿದೆ, ಆದರೆ ಬೈಕ್ ಕಾಣಲೇ ಇಲ್ಲ" ಎಂದು ಹೇಳುವ ಚಾಲಕರು ಸುಳ್ಳು ಹೇಳುತ್ತಿದ್ದಾರೆ ಎಂದು ತೀರ್ಮಾನಿಸುವುದು ಸುಲಭ. ಬಹಳಷ್ಟು ಸಲ ಅವರು ನಿಜವನ್ನೇ ಹೇಳುತ್ತಿರುತ್ತಾರೆ. ಎಡಕ್ಕೂ ಬಲಕ್ಕೂ ಕತ್ತು ಹೊರಳಿಸಿ ನೋಡುವಾಗ ಕಣ್ಣು ನಿಂತುನಿಂತು ಜಿಗಿಯುತ್ತದೆ. ಜಿಗಿಯುವ ಆ ಕ್ಷಣಾಂಶದಲ್ಲಿ ದೃಷ್ಟಿ ಹೆಚ್ಚುಕಡಿಮೆ ಮುಚ್ಚಿಹೋಗಿರುತ್ತದೆ. ಎರಡು ನಿಲುಗಡೆಗಳ ನಡುವೆ ಒಂದು ಬಸ್ಸು ಕಳೆದುಹೋಗುವುದಿಲ್ಲ, ಬೈಕ್ ಕಳೆದುಹೋಗಬಹುದು. ಇದರ ಜೊತೆಗೆ ನಿರೀಕ್ಷೆಯ ಪ್ರಶ್ನೆಯಿದೆ. ಕಾರು, ಲಾರಿಗಳನ್ನು ಹುಡುಕುತ್ತಿರುವ ಮನಸ್ಸು ಎದುರಿಗೇ ಇರುವ ಬೇರೊಂದನ್ನು ದಾಖಲಿಸದೇ ಬಿಡಬಲ್ಲದು. 1999ರಲ್ಲಿ ಸೈಮನ್ಸ್ ಮತ್ತು ಷಬ್ರಿ ನಡೆಸಿದ ಪ್ರಯೋಗದಲ್ಲಿ, ಚೆಂಡಿನ ಪಾಸುಗಳನ್ನು ಎಣಿಸುತ್ತಿದ್ದವರಲ್ಲಿ ಅರ್ಧದಷ್ಟು ಜನ ನಡುವೆ ಹಾದುಹೋದ ಗೊರಿಲ್ಲಾ ವೇಷಧಾರಿಯನ್ನೇ ಕಾಣಲಿಲ್ಲ.

ಕಾರಿನ ಮುಂಗಾಜಿಗೂ ಬಾಗಿಲಿಗೂ ನಡುವಿನ ಕಂಬ ಇನ್ನೊಂದು ಮರೆ. ಕಣ್ಣಿಗೆ ಹತ್ತಿರ ಇರುವುದರಿಂದ ಅದು ದೂರದ ಬೈಕನ್ನು ಸವಾರರ ಸಮೇತ ಮುಚ್ಚುತ್ತದೆ. ಕಾರೂ ಬೈಕೂ ಬದಲಾಗದ ವೇಗದಲ್ಲಿ, ಒಂದೇ ಹೊತ್ತಿಗೆ ಕೂಡುರಸ್ತೆ ತಲುಪುವಂತೆ ಬರುತ್ತಿದ್ದರೆ, ಒಬ್ಬರಿಗೆ ಇನ್ನೊಬ್ಬರು ಕಾಣುವ ಕೋನ ಬದಲಾಗುವುದೇ ಇಲ್ಲ. ಹಾಗಾಗಿ ಒಮ್ಮೆ ಕಂಬದ ಹಿಂದೆ ಸಿಕ್ಕಿದ ಬೈಕ್ ಡಿಕ್ಕಿಯಾಗುವವರೆಗೂ ಅಲ್ಲೇ ಉಳಿಯಬಹುದು. ಸವಾರರು ಸ್ವಲ್ಪ ವೇಗ ತಗ್ಗಿಸಿದರೂ ಸಾಕು, ಕೋನ ಬದಲಾಗಿ ಬೈಕ್ ಕಂಬದಿಂದಾಚೆ ಕಾಣಿಸಿಕೊಳ್ಳುತ್ತದೆ.

ಬೈಕ್ ಕಂಡ ಮೇಲೂ ಅದರ ವೇಗ ತಿಳಿಯುವುದು ಬೇರೆಯೇ ಸಮಸ್ಯೆ. ಇದನ್ನು ತುಸು ವಿವರವಾಗಿ ನೋಡಬೇಕು. ನೇರವಾಗಿ ನಮ್ಮತ್ತ ಬರುವ ವಸ್ತು ಅಕ್ಕಪಕ್ಕಕ್ಕೆ ಸರಿಯುವುದಿಲ್ಲ. ಅದರ ಬಿಂಬ ಹಿಗ್ಗುತ್ತದೆ ಅಷ್ಟೆ. ಹಿಗ್ಗುವ ದರವನ್ನು ಲೆಕ್ಕ ಹಾಕಲು ವಸ್ತುವಿನ ಅಗಲವನ್ನು ಅದರ ವೇಗದಿಂದ ಗುಣಿಸಿ ದೂರದ ವರ್ಗದಿಂದ ಭಾಗಿಸಬೇಕು. ಈ ದರ ಸೆಕೆಂಡಿಗೆ ಸುಮಾರು 0.003 ರೇಡಿಯನ್ ಮುಟ್ಟುವವರೆಗೆ ವಸ್ತು ಎಷ್ಟು ಬೇಗ ಹತ್ತಿರ ಬರುತ್ತಿದೆ ಎಂಬುದು ನೋಡುವವರಿಗೆ ಸರಿಯಾಗಿ ತಿಳಿಯುವುದಿಲ್ಲ ಎಂದು ದೃಷ್ಟಿವಿಜ್ಞಾನದ ಪ್ರಯೋಗಗಳು ಸೂಚಿಸುತ್ತವೆ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬರುವ, 1.7 ಮೀಟರ್ ಅಗಲದ ಕಾರು ಈ ಮಿತಿಯನ್ನು ಸುಮಾರು 97 ಮೀಟರ್ ದೂರದಲ್ಲೇ ಮುಟ್ಟುತ್ತದೆ. ಅಂದರೆ ಅದು ತಲುಪಲು ಇನ್ನೂ ಸುಮಾರು 5.8 ಸೆಕೆಂಡು ಇರುವಾಗಲೇ ಎದುರಿನವರಿಗೆ ವೇಗದ ಅಂದಾಜು ಸಿಗುತ್ತದೆ. ಅದೇ ವೇಗದ, ಹ್ಯಾಂಡಲ್ ಸೇರಿ ಮುಕ್ಕಾಲು ಮೀಟರ್ ಅಗಲದ ಬೈಕಿನ ವಿಷಯದಲ್ಲಿ ಆ ಅಂದಾಜು ಸಿಗುವುದು 65 ಮೀಟರ್ ದೂರದಲ್ಲಿ, 3.9 ಸೆಕೆಂಡು ಉಳಿದಿರುವಾಗ. ಕತ್ತಲಲ್ಲಿ ಬೈಕಿನ ಆಕಾರ ಕಾಣದೆ 18 ಸೆಂ.ಮೀ. ಅಗಲದ ಒಂಟಿ ಹೆಡ್‌ಲೈಟ್ ಮಾತ್ರ ಕಂಡರೆ, ದೂರ 32 ಮೀಟರ್‌ಗೂ ಕಾಲ 1.9 ಸೆಕೆಂಡಿಗೂ ಇಳಿಯುತ್ತದೆ.

ಇದು ಸ್ಥೂಲ ಲೆಕ್ಕ. ನೋಡುವವರ ವಯಸ್ಸು, ಹಿನ್ನೆಲೆಯ ಬೆಳಕು, ರಸ್ತೆಯ ತಿರುವು ಎಲ್ಲವೂ ಅದನ್ನು ಬದಲಿಸುತ್ತವೆ. ಆದರೂ ಎರಡು ಪಥ ದಾಟಿ ಬಲಕ್ಕೆ ತಿರುಗಲು ಒಂದು ಕಾರಿಗೆ ನಾಲ್ಕೈದು ಸೆಕೆಂಡು ಬೇಕು ಎಂಬುದನ್ನು ಇದರ ಪಕ್ಕದಲ್ಲಿಟ್ಟರೆ ತೊಡಕು ಸ್ಪಷ್ಟವಾಗುತ್ತದೆ. ತಿರುಗಲು ನಿರ್ಧರಿಸುವ ಹೊತ್ತಿಗೆ, ಬರುತ್ತಿರುವ ಬೈಕಿನ ವೇಗ ಅಳೆಯುವ ಆಧಾರವೇ ಆ ಚಾಲಕರ ಕಣ್ಣಿಗೆ ಸಿಕ್ಕಿರುವುದಿಲ್ಲ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಒಂಟಿ ದೀಪದ ಬದಲು ತ್ರಿಕೋನಾಕಾರದಲ್ಲಿ ಮೂರು ದೀಪ ತೋರಿಸಿದಾಗ ಕತ್ತಲಲ್ಲಿ ವೇಗದ ಅಂದಾಜು ಸುಧಾರಿಸಿತು. ದೀಪಗಳ ಪ್ರಖರತೆಗಿಂತ ಅವುಗಳ ನಡುವಿನ ಅಂತರಕ್ಕೆ ಇಲ್ಲಿ ಬೆಲೆ. ಈ ಶೋಧಕ್ಕೆ ವಾಹನ ತಯಾರಕರು ಇನ್ನೂ ಹೆಚ್ಚಿನ ಗಮನ ಕೊಡಬೇಕಿತ್ತು.

ದೀಪ, ಬಣ್ಣ, ಪ್ರತಿಫಲಕ

ಹಗಲಲ್ಲೂ ಹೆಡ್‌ಲೈಟ್ ಉರಿಸುವ ನಿಯಮವನ್ನು ಮಲೇಷ್ಯಾ 1992ರಲ್ಲಿ ತಂದಿತು. ಅಲ್ಲಿನ ಎರಡು ಪಟ್ಟಣಗಳಲ್ಲಿ ನಡೆದ ಅಧ್ಯಯನ, ಕಾಣದಿರುವುದರಿಂದ ಆಗುವ ಅಪಘಾತಗಳು ಸುಮಾರು ಶೇ. 29ರಷ್ಟು ತಗ್ಗಿದವೆಂದು ಅಂದಾಜಿಸಿತು. ಬೈಕುಗಳೇ ಹೆಚ್ಚಿರುವ ಏಷ್ಯಾದ ರಸ್ತೆಗಳಿಂದ ಬಂದ ಪುರಾವೆಯಾದ್ದರಿಂದ ನಮಗೆ ಇದರ ತೂಕ ಹೆಚ್ಚು. ಭಾರತದಲ್ಲಿ 2017ರ ಏಪ್ರಿಲ್ 1ರಿಂದ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಎಂಜಿನ್ ಚಾಲೂ ಆದೊಡನೆ ತಾನಾಗಿ ಹೊತ್ತಿಕೊಳ್ಳಬೇಕು. ಆ ಹೊಸತರಲ್ಲಿ "ಲೈಟ್ ಉರೀತಿದೆ ನೋಡಿ" ಎಂದು ಎದುರು ಬರುವವರೆಲ್ಲ ಕೈಸನ್ನೆ ಮಾಡುತ್ತಿದ್ದರು. ಕಾರುಗಳಿಗೂ ಹಗಲು ದೀಪಗಳು ಬಂದಮೇಲೆ ಬೈಕಿನ ದೀಪ ಅವುಗಳ ನಡುವೆ ಮಸುಕಾಗುವುದೆಂಬ ವಾದವೂ ಇದೆ.

ಫ್ಲೋರೊಸೆಂಟ್ ಬಟ್ಟೆ ಸೂರ್ಯನ ಅತಿನೇರಳೆ ಮತ್ತು ನೀಲಿ ಕಿರಣಗಳನ್ನು ಹೀರಿ ಕಣ್ಣಿಗೆ ಕಾಣುವ ಬೆಳಕಾಗಿ ಹೊರಬಿಡುತ್ತದೆ. ಹಗಲು ಮತ್ತು ಮುಸ್ಸಂಜೆಯಲ್ಲಿ ಅದು ಬಲು ಚೆನ್ನಾಗಿ ಎದ್ದು ಕಾಣುತ್ತದೆ. ರಾತ್ರಿ ಹಳದಿ ಸೋಡಿಯಂ ದೀಪದ ಕೆಳಗೆ ಅದರ ಗುಣ ಅಡಗುತ್ತದೆ. ರಾತ್ರಿ ಬೇಕಾದದ್ದು ಪ್ರತಿಫಲಕ ಪಟ್ಟಿ. ಅದರಲ್ಲಿನ ಸಣ್ಣ ಗಾಜಿನ ಮಣಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂದಿರುಗಿಸುತ್ತವೆ. ಆದ್ದರಿಂದ ಬೆಳಕು ಬೀರುವ ವಾಹನದ ಚಾಲಕರಿಗೆ ಅದು ಕಾಣುತ್ತದೆ, ಪಕ್ಕದ ಅಡ್ಡರಸ್ತೆಯಲ್ಲಿ ಬೇರೆಡೆಗೆ ಮುಖಮಾಡಿ ನಿಂತವರಿಗೆ ಕಾಣುವುದಿಲ್ಲ. ಯಾವುದೇ ಬಣ್ಣ ಎಲ್ಲೆಡೆಯೂ ಗೆಲ್ಲುವುದಿಲ್ಲ ಎಂಬುದನ್ನೂ ಸಂಶೋಧನೆ ತೋರಿಸಿದೆ: ಬಣ್ಣಬಣ್ಣದ ಪೇಟೆಬೀದಿಯಲ್ಲಿ ಬಿಳಿ ಮತ್ತು ಪ್ರತಿಫಲಿಸುವ ಉಡುಪು ಮೇಲು, ಹಿಂದೆ ಬರೀ ಬೆಳಗುವ ಆಕಾಶವಿರುವ ಬಯಲ ಹೆದ್ದಾರಿಯಲ್ಲಿ ಕಪ್ಪು ಉಡುಪೇ ಹೆಚ್ಚು ಎದ್ದು ಕಂಡಿದೆ.

ಹಿಂಬದಿಯ ಗೋಚರತೆಯ ಬಗ್ಗೆ ಸಾಹಿತ್ಯ ಕಡಿಮೆ. ನಮ್ಮಲ್ಲಿ ತೊಂದರೆ ಅಲ್ಲೇ ಹೆಚ್ಚು. ಮಳೆಗಾಲದಲ್ಲಿ ಹಿಂದೆ ಕುಳಿತವರ ರೇನ್‌ಕೋಟು ಇಳಿಬಿದ್ದು ಟೈಲ್ ಲೈಟನ್ನು ಮುಚ್ಚುತ್ತದೆ. ಹಳ್ಳಿಯ ಮೊಪೆಡ್ಡಿನಲ್ಲಿ ಹುಲ್ಲಿನ ಹೊರೆಯೋ ಗೋಣಿಚೀಲವೋ ದೀಪ ಮತ್ತು ಕೆಂಪು ರಿಫ್ಲೆಕ್ಟರ್ ಎರಡನ್ನೂ ಮರೆಮಾಡುತ್ತದೆ. ಮಡ್‌ಗಾರ್ಡಿನ ಮೇಲಿನ ರಿಫ್ಲೆಕ್ಟರ್ ಕೆಸರು ಮೆತ್ತಿಕೊಂಡು ಕುರುಡಾಗಿರುತ್ತದೆ. ಬ್ರೇಕ್ ಲೈಟಿನ ಬಲ್ಬ್ ಹೋಗಿದ್ದರೆ ಸವಾರರಿಗೆ ಗೊತ್ತೇ ಆಗುವುದಿಲ್ಲ. ಸಂಜೆ ಹೊತ್ತು ಅಂಗಡಿಯ ಷಟರಿಗೋ ಗೋಡೆಗೋ ಬೆನ್ನು ಮಾಡಿ ನಿಲ್ಲಿಸಿ, ಎರಡು ಬ್ರೇಕ್‌ಗಳನ್ನೂ ಒಂದೊಂದಾಗಿ ಒತ್ತಿ, ಕನ್ನಡಿಯಲ್ಲಿ ಕೆಂಪು ಬೆಳಕು ಬಿತ್ತೇ ಎಂದು ನೋಡಿಕೊಳ್ಳುವುದು ಅರ್ಧ ನಿಮಿಷದ ಕೆಲಸ.

ಹೆಚ್ಚು ಬೆಳಕು ಎಂದರೆ ಹೆಚ್ಚು ಸುರಕ್ಷೆ ಎಂದುಕೊಂಡು ಹೊರಗಿನಿಂದ ಹಾಕಿಸುವ ಕಣ್ಣು ಕುಕ್ಕುವ ಎಲ್‌ಇಡಿಗಳು ಎದುರಿನವರನ್ನು ಕುರುಡಾಗಿಸುತ್ತವೆ. ಬೈಕಿನ ಸುತ್ತಳತೆಯೇ ಆ ಪ್ರಭೆಯಲ್ಲಿ ಕರಗುತ್ತದೆ. 2024ರ ಜುಲೈನಲ್ಲಿ ಕರ್ನಾಟಕ ಪೊಲೀಸರು ಇಂಥ ದೀಪಗಳ ವಿರುದ್ಧ ರಾಜ್ಯದಾದ್ಯಂತ ಕಾರ್ಯಾಚರಣೆ ನಡೆಸಿದರು.

ಜಾಗ ಹಿಡಿಯುವುದು

ರಕ್ಷಣಾತ್ಮಕ ಚಾಲನೆಯ ಬೋಧನೆ ಅಮೆರಿಕದಲ್ಲಿ 1950–60ರ ದಶಕಗಳಲ್ಲಿ ರೂಪುಗೊಂಡಿತು. ಬೈಕುಗಳಿಗೆ ಅದನ್ನು ಒಗ್ಗಿಸಿದ ಮೋಟಾರ್ ಸೈಕಲ್ ಸೇಫ್ಟಿ ಫೌಂಡೇಶನ್ 1973ರಲ್ಲಿ ಹುಟ್ಟಿತು. ತತ್ತ್ವ ಸರಳ: ಹುಡುಕು, ತೂಗಿ ನೋಡು, ಮಾಡು. ನಮ್ಮ ರಸ್ತೆಯಲ್ಲಿ ಏನನ್ನು ಹುಡುಕಬೇಕು ಎಂಬುದೇ ಹೆಚ್ಚಿನ ಪಾಠ.

ಅತಿ ಸಾಮಾನ್ಯವಾದ ಒಂದು ಅಪಘಾತ ಹೀಗಾಗುತ್ತದೆ. ಬೈಕ್ ಒಂದು ಲಾರಿಯ ಹಿಂದೆ ಅಂಟಿಕೊಂಡು ಹೋಗುತ್ತಿದೆ. ಎದುರಿನಿಂದ ಬಂದು ಬಲಕ್ಕೆ ತಿರುಗಲು ಡಿವೈಡರ್ ಸಂದಿಯಲ್ಲಿ ನಿಂತ ಕಾರಿನವರಿಗೆ ಕಾಣುವುದು ಲಾರಿ ಮಾತ್ರ. ಲಾರಿಯ ಹಿಂಭಾಗ ದಾಟಿದ್ದೇ ತಡ, ರಸ್ತೆ ಖಾಲಿಯೆಂದು ಕಾರು ಒಳನುಗ್ಗುತ್ತದೆ. ಆ ಕ್ಷಣದವರೆಗೆ ಬೈಕ್ ಯಾರ ಕಣ್ಣಿಗೂ ಬಿದ್ದಿರುವುದಿಲ್ಲ, ಸವಾರರು ನಿಯಾನ್ ಜಾಕೆಟ್ ತೊಟ್ಟಿದ್ದರೂ ಅಷ್ಟೆ. ಲಾರಿಯಿಂದ ಎರಡು ಸೆಕೆಂಡಿನಷ್ಟು ಹಿಂದೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಸುಮಾರು 28 ಮೀಟರ್ ಹಿಂದೆ, ಉಳಿದರೆ ಬೈಕ್ ಬೇರೆಯಾಗಿ ಕಾಣಿಸಿಕೊಳ್ಳುತ್ತದೆ. ಬೆಂಗಳೂರಿನ ದಟ್ಟಣೆಯಲ್ಲಿ ಆ ಖಾಲಿ ಜಾಗಕ್ಕೆ ಯಾರಾದರೂ ನುಗ್ಗುತ್ತಾರೆ ಎಂಬುದು ನಿಜ. ನುಗ್ಗಿದಾಗ ಮತ್ತೆ ಹಿಂದೆ ಸರಿಯಬೇಕು, ಬೇರೆ ಉಪಾಯವಿಲ್ಲ.

ಎಡಗಡೆಯ ಅಡ್ಡರಸ್ತೆಯಲ್ಲಿ ವಾಹನ ಕಾಯುತ್ತಿದ್ದರೆ ಬೈಕ್ ತನ್ನ ಪಥದ ಬಲಭಾಗಕ್ಕೆ ಸರಿಯುವುದು ಒಳ್ಳೆಯದು. ಅದು ಕಾಣುವುದೂ ಬೇಗ, ತಪ್ಪಿಸಿಕೊಳ್ಳಲು ಜಾಗವೂ ಸಿಗುತ್ತದೆ. ಚಾಲಕರ ಮುಖಕ್ಕಿಂತ ವಾಹನದ ಮುಂದಿನ ಚಕ್ರವನ್ನು ಗಮನಿಸಬೇಕು. ಕಣ್ಣಿಗೆ ಕಣ್ಣು ಕೂಡಿದರೂ ಅವರು ಕಂಡಿಲ್ಲದಿರಬಹುದು. ಚಕ್ರ ಮಾತ್ರ ಹೊರಳದೆ ವಾಹನ ತಿರುಗುವುದಿಲ್ಲ. ಆಟೋ ಚಾಲಕರು ತಲೆಯನ್ನು ಹೊರಗೆ ಚಾಚಿ ರಸ್ತೆಬದಿಯ ಜನರನ್ನು ನೋಡುತ್ತಿದ್ದರೆ ಯಾವ ಕ್ಷಣದಲ್ಲಾದರೂ ಎಡಕ್ಕೆ ಎಳೆಯುತ್ತಾರೆ. ನಿಂತ ಕಾರುಗಳ ಸಾಲಿನ ಪಕ್ಕ ಒಂದು ಬಾಗಿಲಿನಷ್ಟು ಅಂತರ ಬಿಡಬೇಕು. ಬಸ್ಸು, ಲಾರಿಗಳ ಎಡಬದಿಯಿಂದ ಮುಂದೆ ನುಸುಳುವುದು ಎಲ್ಲಕ್ಕಿಂತ ಅಪಾಯದ ಅಭ್ಯಾಸ. ಚಾಲಕರು ಎತ್ತರದಲ್ಲಿ ಬಲಕ್ಕೆ ಕುಳಿತಿರುವುದರಿಂದ ಎಡ ಮುಂಮೂಲೆ ಅವರಿಗೆ ಕಾಣುವುದಿಲ್ಲ. ದೊಡ್ಡ ವಾಹನದ ಕನ್ನಡಿಯಲ್ಲಿ ಚಾಲಕರ ಮುಖ ನಮಗೆ ಕಾಣದಿದ್ದರೆ ನಾವೂ ಅವರಿಗೆ ಕಾಣುತ್ತಿಲ್ಲ.

ಬ್ರೇಕ್

ಮುಂದಿನ ಬ್ರೇಕ್ ಹಿಡಿದರೆ ಬೈಕ್ ಪಲ್ಟಿಯಾಗುತ್ತದೆ ಎಂಬ ನಂಬಿಕೆ ಆಳವಾಗಿ ಬೇರೂರಿದೆ. ಬ್ರೇಕ್ ಬಿದ್ದೊಡನೆ ಭಾರ ಮುಂಚಕ್ರಕ್ಕೆ ಸರಿಯುವುದರಿಂದ ನಿಲ್ಲಿಸುವ ಶಕ್ತಿಯ ಬಹುಪಾಲು ಅಲ್ಲೇ ಇದೆ. ಹಿಂದಿನದನ್ನೇ ತುಳಿದರೆ ಚಕ್ರ ಸಿಕ್ಕಿಬಿದ್ದು ಜಾರುತ್ತದೆ. ಹರ್ಟ್ ವರದಿಯೂ ಸವಾರರು ಹಿಂದಿನ ಚಕ್ರವನ್ನು ಲಾಕ್ ಮಾಡಿ ಮುಂದಿನದನ್ನು ಸಾಕಷ್ಟು ಬಳಸದೇ ಹೋಗುವುದನ್ನು ದಾಖಲಿಸಿದೆ. ಭಾರತದಲ್ಲಿ 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಎಲ್ಲ ಹೊಸ ಬೈಕುಗಳಿಗೆ ಚಕ್ರ ಸಿಕ್ಕಿಬೀಳದಂತೆ ತಡೆಯುವ ಎಬಿಎಸ್, ಅದಕ್ಕಿಂತ ಚಿಕ್ಕವುಗಳಿಗೆ ಎರಡು ಬ್ರೇಕ್‌ಗಳನ್ನು ಜೋಡಿಸುವ ಸಿಬಿಎಸ್ ಕಡ್ಡಾಯವಾಯಿತು. ಒಣ ಡಾಂಬರಿನ ಮೇಲೆ, ಎಚ್ಚೆತ್ತುಕೊಳ್ಳಲು ಒಂದೂವರೆ ಸೆಕೆಂಡು ಹಿಡಿದರೆ, ಗಂಟೆಗೆ 40 ಕಿ.ಮೀ. ವೇಗದ ಬೈಕ್ ಸುಮಾರು 27 ಮೀಟರಿನಲ್ಲೂ 60 ಕಿ.ಮೀ. ವೇಗದ್ದು ಸುಮಾರು 48 ಮೀಟರಿನಲ್ಲೂ ನಿಲ್ಲುತ್ತದೆ. ಲಿವರ್ ಮೇಲೆ ಮೊದಲೇ ಎರಡು ಬೆರಳು ಇಟ್ಟುಕೊಂಡು ಕೂಡುರಸ್ತೆ ಸಮೀಪಿಸುವವರು ಆ ಒಂದೂವರೆ ಸೆಕೆಂಡಿನಲ್ಲಿ ಒಂದಷ್ಟನ್ನು ಉಳಿಸಿಕೊಳ್ಳುತ್ತಾರೆ.

ಕರ್ನಾಟಕದ ರಸ್ತೆಗಳು

ಮೇಲಿನ ಅಧ್ಯಯನಗಳು ಹೆಚ್ಚಾಗಿ ಕಾರುಗಳೇ ತುಂಬಿದ ದೇಶಗಳವು. ಇಲ್ಲಿ ಬೈಕ್ ಸವಾರರೇ ಬೇರೊಂದನ್ನು ಕಾಣದೆ ಹೋಗುವ ಸಂದರ್ಭಗಳೂ ಅಷ್ಟೇ ಇವೆ. ಮಂಡ್ಯ, ಬಾಗಲಕೋಟೆ, ಬೆಳಗಾವಿ ಕಡೆ ಕಬ್ಬು ಅರೆಯುವ ಹಂಗಾಮಿನಲ್ಲಿ ಟ್ರ್ಯಾಕ್ಟರುಗಳು ಜೋಡಿ ಟ್ರೇಲರುಗಳನ್ನು ಎಳೆದುಕೊಂಡು ರಾತ್ರಿಯಿಡೀ ಓಡುತ್ತವೆ. ಹೊರಚಾಚಿದ ಕಬ್ಬಿನ ತುದಿಗಳ ಅಡಿಯಲ್ಲಿ ಹಿಂದಿನ ದೀಪ ಇದ್ದರೂ ಕಾಣುವುದಿಲ್ಲ, ಎಷ್ಟೋ ಸಲ ಇರುವುದೇ ಇಲ್ಲ. ಎದುರಿನ ಬಸ್ಸಿನ ಬೆಳಕು ಕಣ್ಣಿಗೆ ಹೊಡೆದ ಹೊತ್ತಿನಲ್ಲಿ, ನಿಂತ ಟ್ರೇಲರಿಗೆ ಹಿಂದಿನಿಂದ ಗುದ್ದುವುದು ಹೀಗೆ. ಆಗ ದೃಷ್ಟಿಯನ್ನು ರಸ್ತೆಯ ಎಡ ಅಂಚಿಗೆ ಇಳಿಸಿ, ವೇಗವನ್ನು ತನ್ನ ಹೆಡ್‌ಲೈಟ್ ತೋರಿಸುವಷ್ಟು ದೂರದಲ್ಲಿ ನಿಲ್ಲಬಲ್ಲ ಮಟ್ಟಕ್ಕೆ ತಗ್ಗಿಸಬೇಕು. ಸುಗ್ಗಿಯಲ್ಲಿ ಹಳೆ ಮೈಸೂರು ಭಾಗದ ರಸ್ತೆಗಳ ಮೇಲೆ ಒಕ್ಕಣೆಗೆ ಹರಡಿದ ರಾಗಿ, ಹುರುಳಿಯ ಮೇಲೆ ಬ್ರೇಕ್ ಹಿಡಿಯಬಾರದು. ಅದಕ್ಕೆ ಮೊದಲೇ ವೇಗ ಇಳಿಸಿ ನೇರವಾಗಿ ದಾಟಬೇಕು. ಬಣ್ಣ ಬಳಿಯದ ಹಂಪ್‌ಗಳೂ ನೀರು ತುಂಬಿದ ಗುಂಡಿಗಳೂ ಇದೇ ವರ್ಗಕ್ಕೆ ಸೇರುತ್ತವೆ. ಇವು ಸವಾರರ ತಪ್ಪುಗಳಲ್ಲ. ರಸ್ತೆ ಮಾಡಿದವರ ಹೊಣೆಯನ್ನು ಸವಾರರ ಎಚ್ಚರದ ಮೇಲೆ ಹಾಕಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ.

ಕಾನೂನು ಮತ್ತು ಪರೀಕ್ಷೆ

ಮೋಟಾರು ವಾಹನ ಕಾಯ್ದೆಯ 129ನೇ ಕಲಮು ಹೆಲ್ಮೆಟನ್ನು ಕಡ್ಡಾಯಗೊಳಿಸುತ್ತದೆ. ಉಡುಪಿನ ಬಣ್ಣದ ಬಗ್ಗೆ ಅದರಲ್ಲಿ ಮಾತಿಲ್ಲ. ಹಿಂಬದಿ ಸವಾರರಿಗೂ ಹೆಲ್ಮೆಟ್ ಎಂಬ ನಿಯಮ ಕರ್ನಾಟಕದಲ್ಲಿ 2016ರ ಜನವರಿಯಲ್ಲಿ ಜಾರಿಗೆ ಬಂತು. ಲೈಸೆನ್ಸ್ ಪರೀಕ್ಷೆಯಲ್ಲಿ ಹಾಕಿಸುವ "ಎಂಟು" ಸಮತೋಲನವನ್ನು ಅಳೆಯುತ್ತದೆ, ಅಪಾಯವನ್ನು ಮುಂಚೆ ಗುರುತಿಸುವ ಶಕ್ತಿಯನ್ನಲ್ಲ. ಬ್ರಿಟನ್ 2002ರಲ್ಲಿ ಥಿಯರಿ ಪರೀಕ್ಷೆಗೆ ಇದನ್ನೇ ಸೇರಿಸಿತು: ಅಭ್ಯರ್ಥಿಗಳು ರಸ್ತೆಯ ವಿಡಿಯೊ ನೋಡುತ್ತ, ಅಪಾಯ ರೂಪುಗೊಳ್ಳತೊಡಗಿದ ಕೂಡಲೇ ಗುಂಡಿ ಒತ್ತಬೇಕು, ಬೇಗ ಒತ್ತಿದಷ್ಟೂ ಅಂಕ ಹೆಚ್ಚು.