ಮೇಜಿ ಜಪಾನಿನಲ್ಲಿ ವಿದೇಶೀ ಅಧ್ಯಾಪಕರ ಕರಾರು ಮತ್ತು ವಾಸದ ಹಕ್ಕು

ಪರದೇಶದಲ್ಲಿ ಪಾಠ ಹೇಳಬಯಸುವವನಿಗೆ ಎರಡು ಅಪ್ಪಣೆಗಳು ಬೇಕು: ಆ ನೆಲದಲ್ಲಿ ಇರಲು ಒಂದು, ಅಲ್ಲಿ ದುಡಿಯಲು ಇನ್ನೊಂದು. ಇಂದು ಇವೆರಡೂ ಉದ್ಯೋಗದ ವೀಸಾ ಎಂಬ ಒಂದೇ ಹೆಸರಿನಲ್ಲಿ ಅಡಗಿವೆ. ಅವಧಿ ತೀರುವ ಮುನ್ನ ನೌಕರಿಯ ರುಜುವಾತನ್ನೂ ತೆರಿಗೆ ಕಟ್ಟಿದ ದಾಖಲೆಯನ್ನೂ ಹಿಡಿದು ವಲಸೆ ಕಚೇರಿಯಲ್ಲಿ ಸರದಿಗಾಗಿ ಕಾದಿರುವ ಅಧ್ಯಾಪಕನ ಮನಸ್ಸಿನಲ್ಲಿ, ತನ್ನ ವಿದ್ಯೆಯನ್ನು ಇಲ್ಲಿ ಯಾವ ಕೊಳಗದಿಂದ ಅಳೆಯುತ್ತಿದ್ದಾರೆ ಎಂಬ ಪ್ರಶ್ನೆ ಏಳುವುದು ಸಹಜ. ಈ ಪ್ರಶ್ನೆಗೆ ಸ್ಪಷ್ಟವಾದ ಉತ್ತರವೊಂದು ಮೇಜಿ ಯುಗದ (೧೮೬೮-೧೯೧೨) ಜಪಾನಿನ ಇತಿಹಾಸದಲ್ಲಿ ದೊರೆಯುತ್ತದೆ. ಅಲ್ಲಿ ಬಹುಕಾಲ ವಿದೇಶೀ ಅಧ್ಯಾಪಕನ ಕರಾರೇ ಆತನ ವಾಸದ ಪರವಾನಗಿಯೂ ಆಗಿತ್ತು. ಕರಾರು ನವೀಕರಣಕ್ಕೆ ಬಂದಾಗ ಅಧ್ಯಾಪಕನ ಯೋಗ್ಯತೆಗಿಂತ ಹೆಚ್ಚಾಗಿ ಆತನ ಶಿಷ್ಯನು ಸಿದ್ಧನಾದನೇ ಎಂಬುದನ್ನೇ ನೋಡಲಾಗುತ್ತಿತ್ತು.

ಇದರ ಮೂಲ ೧೮೫೮ರ ಒಪ್ಪಂದಗಳಲ್ಲಿದೆ. ಅಮೆರಿಕ, ಹಾಲೆಂಡ್, ರಷ್ಯ, ಬ್ರಿಟನ್ ಮತ್ತು ಫ್ರಾನ್ಸ್ ದೇಶಗಳೊಡನೆ ಆ ವರ್ಷ ಆದ ಒಪ್ಪಂದಗಳಂತೆ ವಿದೇಶೀಯರು ತೆರೆದ ಬಂದರುಗಳಲ್ಲಿ ಮಾತ್ರ ನೆಲೆಸಬಹುದಾಗಿತ್ತು. ಸಾಮಾನ್ಯವಾಗಿ ಅವರ ಓಡಾಟಕ್ಕೆ ಬಂದರಿನ ಸುತ್ತಲಿನ ಹತ್ತು 'ರಿ' ದೂರವೇ, ಎಂದರೆ ಸುಮಾರು ೩೯ ಕಿಲೋಮೀಟರೇ, ಎಲ್ಲೆ. ಅದನ್ನು ದಾಟಲು ಪ್ರತ್ಯೇಕ ರಹದಾರಿ ಬೇಕಾಗಿತ್ತು. ಇನ್ನೊಂದು ಕಡೆ, ಈ ವಿದೇಶೀಯರು ಜಪಾನಿನ ನ್ಯಾಯಾಲಯಗಳಿಗೆ ಒಳಪಡದೆ ತಮ್ಮ ತಮ್ಮ ರಾಯಭಾರ ಕಚೇರಿಗಳ ನ್ಯಾಯಕ್ಕೆ ಒಳಪಟ್ಟಿದ್ದರು. ತನ್ನ ಕಾನೂನಿಗೆ ತಲೆಬಾಗದವನನ್ನು ಒಳನಾಡಿನಲ್ಲಿ ನೆಲೆಸಲು ಬಿಡುವುದಿಲ್ಲವೆಂದು ಜಪಾನು ಹಟ ಹಿಡಿದುದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಆದರೆ ಬಂದರಿನಾಚೆಯ ಊರಿನಲ್ಲಿ ಮನೆಮಾಡಲು ಒಂದು ದಾರಿ ತೆರೆದಿತ್ತು: ಜಪಾನೀಯರ ಸೇವೆಗೆ ಸೇರುವುದು. ಸೇವೆಯ ಅವಧಿ ಎಷ್ಟೋ ಮನೆಯ ಅವಧಿಯೂ ಅಷ್ಟೆ.

೧೮೬೮ರ ಏಪ್ರಿಲಿನಲ್ಲಿ ಹೊಸ ಸರ್ಕಾರವು ಘೋಷಿಸಿದ ಐದು ಪ್ರತಿಜ್ಞೆಗಳಲ್ಲಿ ಕೊನೆಯದು, ಜಗತ್ತಿನ ಎಲ್ಲೆಡೆಯಿಂದ ಜ್ಞಾನವನ್ನು ಅರಸಿ ತರಬೇಕೆಂಬುದು. ಆ ಜ್ಞಾನವನ್ನು ಹೊತ್ತು ಬಂದವರಿಗೆ 'ಓಯಾತೊಯಿ' ಎಂದು ಹೆಸರಾಯಿತು. ಶಬ್ದದ ಮೊದಲಿಗೆ ಗೌರವಸೂಚಕವಾದ 'ಓ'ಕಾರವಿದ್ದರೂ ಉಳಿದ ಅರ್ಥ ಸಂಬಳಕ್ಕೆ ಇಟ್ಟುಕೊಂಡವರು ಎಂದೇ. ಗೌರವವೂ ಸಂಬಳವೂ ಅವರಿಗೆ ಧಾರಾಳವಾಗಿ ದೊರೆತವು. ನೆಲೆ ಮಾತ್ರ ದೊರೆಯಲಿಲ್ಲ.

ಕರಾರುಗಳ ಸ್ವರೂಪವನ್ನು ಒಂದೆರಡು ನಿದರ್ಶನಗಳಿಂದ ತಿಳಿಯಬಹುದು. ಅಮೆರಿಕದ ವಿಲಿಯಂ ಎಲಿಯಟ್ ಗ್ರಿಫಿಸ್ ೧೮೭೧ರ ಮಾರ್ಚಿಯಲ್ಲಿ ಫುಕುಯಿ ಸಂಸ್ಥಾನಕ್ಕೆ ವಿಜ್ಞಾನ ಬೋಧಿಸಲು ಹೋದನು. ಐದು ತಿಂಗಳಲ್ಲೇ ಕೇಂದ್ರ ಸರ್ಕಾರವು ಸಂಸ್ಥಾನಗಳನ್ನೆಲ್ಲ ರದ್ದುಮಾಡಿತು. ಕರೆಸಿಕೊಂಡ ಪ್ರಭುವೇ ಪದವಿ ಕಳೆದುಕೊಂಡು ರಾಜಧಾನಿಗೆ ಹೊರಟುಹೋದ ಮೇಲೆ ಅಧ್ಯಾಪಕನು ಯಾರ ಅಧ್ಯಾಪಕ? ಮರುವರ್ಷದ ಆರಂಭದಲ್ಲಿ ಗ್ರಿಫಿಸನೂ ಟೋಕಿಯೊ ಸೇರಿ ಸರ್ಕಾರಿ ಶಾಲೆಯಲ್ಲಿ ಕೆಲಸ ಹಿಡಿದನು. ಆತನ ಗೆಳೆಯ ಎಡ್ವರ್ಡ್ ವಾರನ್ ಕ್ಲಾರ್ಕನು ಷಿಜುವೊಕದ ಶಾಲೆಗೆಂದು ಬಂದಾಗ, ಕ್ರೈಸ್ತಧರ್ಮವನ್ನು ಬೋಧಿಸಕೂಡದೆಂಬ ನಿಬಂಧನೆಯನ್ನು ಕರಾರಿನಲ್ಲಿ ಕಂಡು ಸಹಿ ಹಾಕಲು ಒಪ್ಪಲಿಲ್ಲ. ಮಾತುಕತೆ ನಡೆದು ಕೊನೆಗೆ ಆ ವಾಕ್ಯವನ್ನೇ ತೆಗೆದುಹಾಕಲಾಯಿತು. ೧೮೭೦ರ ದಶಕದ ಆರಂಭದಲ್ಲಿ ಅಧ್ಯಾಪಕನ ಕೈ ಎಷ್ಟು ಮೇಲಾಗಿತ್ತೆಂಬುದಕ್ಕೆ ಇದು ಸಾಕ್ಷಿ. ಹತ್ತು ವರ್ಷದ ಬಳಿಕ ಅಂಥ ಪಟ್ಟು ಹಿಡಿಯುವುದು ಅಷ್ಟು ಸುಲಭವಾಗಿರಲಾರದು.

ಕಾರಣ ಸರಳವಾದುದು. ೧೮೭೫ರ ಸುಮಾರಿಗೆ ಸರ್ಕಾರದ ಸೇವೆಯಲ್ಲಿದ್ದ ವಿದೇಶೀಯರು ಐನೂರಕ್ಕೂ ಹೆಚ್ಚು ಮಂದಿ. ಪ್ರಧಾನ ಪದವಿಯಲ್ಲಿದ್ದ ಸಾಂಜೊ ಸಾನೆತೊಮಿಯ ಮಾಸಿಕ ವೇತನ ೮೦೦ ಯೆನ್ ಆಗಿದ್ದಾಗ, ಒಸಾಕದ ಟಂಕಸಾಲೆಯ ಆಂಗ್ಲ ಮುಖ್ಯಸ್ಥನಿಗೆ ೧೦೪೫ ಯೆನ್ ಸಲ್ಲುತ್ತಿತ್ತು. ಅಧ್ಯಾಪಕ ವರ್ಬೆಕನಿಗೆ ೬೦೦ ಯೆನ್. ಬಡ ದೇಶವೊಂದು ಇಂಥ ಹೊರೆಯನ್ನು ಹೊತ್ತಿದ್ದುದು ಒಂದಲ್ಲ ಒಂದು ದಿನ ಇಳಿಸುವ ನಿಶ್ಚಯದಿಂದಲೇ. ತಂತ್ರಶಿಕ್ಷಣದ ಕಾಲೇಜಿನಲ್ಲಿ ವಾಸ್ತುಶಿಲ್ಪ ಕಲಿಸಲು ೧೮೭೭ರಲ್ಲಿ ಲಂಡನ್ನಿನಿಂದ ಬಂದ ಜೊಸಾಯ ಕಾಂಡರನ ಮೊದಲ ತಂಡದ ವಿದ್ಯಾರ್ಥಿಗಳು ೧೮೭೯ರಲ್ಲಿ ತೇರ್ಗಡೆಯಾದರು. ಅವರಲ್ಲಿ ಅಗ್ರಗಣ್ಯನಾದ ತತ್ಸುನೊ ಕಿಂಗೊ ಸರ್ಕಾರದ ವೆಚ್ಚದಲ್ಲಿ ಲಂಡನ್ನಿಗೆ ಹೋಗಿ ಓದಿ ಬಂದನು. ೧೮೮೪ರಲ್ಲಿ ಗುರುವಿನ ಪೀಠ ಶಿಷ್ಯನಿಗೆ ಸಂದಿತು. ಕಾಂಡರನು ಊರು ಬಿಡಲಿಲ್ಲ. ಸ್ವಂತ ವೃತ್ತಿ ನಡೆಸುತ್ತ ೧೯೨೦ರಲ್ಲಿ ಟೋಕಿಯೊದಲ್ಲಿಯೇ ತೀರಿಕೊಂಡನು. ಶಿಷ್ಯನಿಗೆ ಸೋಲುವುದನ್ನು ಗುರುವಿನ ಭಾಗ್ಯವೆಂದು ನಮ್ಮಲ್ಲಿ ಹೇಳುವುದುಂಟು. ಆ ಭಾಗ್ಯವು ಸರ್ಕಾರದ ವೇಳಾಪಟ್ಟಿಯಂತೆ ಬಂದರೆ ಗುರುವಿಗೆ ಹೇಗನಿಸುತ್ತದೆ ಎಂಬುದನ್ನು ಯಾರೂ ಹೇಳಿದಂತಿಲ್ಲ.

ಇಲ್ಲಿ ನಮ್ಮ ದೇಶದ ಸ್ಥಿತಿಯನ್ನು ಪಕ್ಕದಲ್ಲಿಟ್ಟು ನೋಡುವುದು ಅಪ್ರಸ್ತುತವಾಗದು. ಅದೇ ಕಾಲದಲ್ಲಿ ಬ್ರಿಟಿಷ್ ಭಾರತದ ಕಾಲೇಜುಗಳಿಗೆ ಬಂದ ಆಂಗ್ಲ ಪ್ರಾಧ್ಯಾಪಕರು ಯಾವ ಭಾರತೀಯನ ಅಪ್ಪಣೆಯನ್ನೂ ಕೇಳಬೇಕಾಗಿರಲಿಲ್ಲ. ೧೮೯೬ರಲ್ಲಿ ಏರ್ಪಟ್ಟ ಭಾರತೀಯ ಶಿಕ್ಷಣ ಸೇವೆಯು ಬಹುಮಟ್ಟಿಗೆ ಅವರದೇ ಆಗಿದ್ದು, ಈ ನೆಲದವರಿಗೆ ಅದಕ್ಕಿಂತ ಕೆಳಗಿನ ಪ್ರಾಂತೀಯ ಸೇವೆ ಮೀಸಲಾಯಿತು. ಅದಕ್ಕೂ ಮುಂಚೆ, ೧೮೮೫ರಲ್ಲಿ ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ ಜಗದೀಶಚಂದ್ರ ಬೋಸರು, ಐರೋಪ್ಯರಿಗಿಂತ ಕಡಿಮೆ ಸಂಬಳವನ್ನು ಒಪ್ಪದೆ ಮೂರು ವರ್ಷ ವೇತನ ಮುಟ್ಟದೆಯೇ ಪಾಠ ಹೇಳಿದರು. ಜಪಾನಿನ ಕರಾರು ಪದ್ಧತಿಯನ್ನು ನಿಷ್ಠುರವೆಂದು ಕರೆಯುವವರು ಈ ಇನ್ನೊಂದು ಚಿತ್ರವನ್ನೂ ನೆನೆಯಬೇಕು. ಪರದೇಶದ ಅಧ್ಯಾಪಕನಿಗೆ ಅವಧಿಯನ್ನು ಗೊತ್ತುಮಾಡುವ ಅಧಿಕಾರ ಸ್ವತಂತ್ರ ದೇಶಕ್ಕೆ ಮಾತ್ರ ಇರುತ್ತದೆ.

ಹೀಗೆಂದ ಮಾತ್ರಕ್ಕೆ ಮನುಷ್ಯರ ಪಾಡು ಹಗುರವಾಗುವುದಿಲ್ಲ. ಹಾಲೆಂಡಿನಲ್ಲಿ ಹುಟ್ಟಿದ ಗೀಡೊ ವರ್ಬೆಕನು ಅಮೆರಿಕದ ಮಿಷನರಿಯಾಗಿ ೧೮೫೯ರಲ್ಲಿ ನಾಗಸಾಕಿಗೆ ಬಂದನು. ಮುಂದೆ ದೇಶವನ್ನಾಳಿದ ಹಲವರಿಗೆ ಗುರುವಾದನು. ದೀರ್ಘಕಾಲ ದೂರವಿದ್ದುದರಿಂದ ಡಚ್ ಪೌರತ್ವ ಕೈಬಿಟ್ಟಿತ್ತು, ಅಮೆರಿಕದ ಪೌರತ್ವ ಸಿಕ್ಕಿರಲೇ ಇಲ್ಲ. ಮೂರು ದಶಕಗಳ ಸೇವೆಯ ಬಳಿಕ ಆತ ಯಾವ ದೇಶದ ಪ್ರಜೆಯೂ ಆಗಿರಲಿಲ್ಲ. ಕೊನೆಗೆ ಜಪಾನ್ ಸರ್ಕಾರಕ್ಕೇ ಬಿನ್ನವಿಸಿಕೊಂಡಾಗ, ೧೮೯೧ರಲ್ಲಿ ಆತನೂ ಆತನ ಕುಟುಂಬವೂ ಒಳನಾಡಿನಲ್ಲಿ ಎಲ್ಲಿ ಬೇಕಾದರೂ ಸಂಚರಿಸಿ ವಾಸಿಸಬಹುದೆಂಬ ವಿಶೇಷ ರಹದಾರಿ ದೊರೆಯಿತು. ಅದು ಕೃಪೆಯೇ ಹೊರತು ಹಕ್ಕಾಗಿರಲಿಲ್ಲ.

ಹಕ್ಕನ್ನೇ ಪಡೆಯಲೆತ್ನಿಸಿದವನು ಲಾಫ್ಕಾಡಿಯೊ ಹರ್ನ್. ಪತ್ರಿಕಾ ಲೇಖಕನಾಗಿ ೧೮೯೦ರ ಏಪ್ರಿಲಿನಲ್ಲಿ ಯೊಕೊಹಾಮಕ್ಕೆ ಬಂದ ಈತ, ಅದೇ ವರ್ಷ ಮತ್ಸುಯೆ ಎಂಬ ದೂರದ ಊರಿನಲ್ಲಿ ತಿಂಗಳಿಗೆ ೧೦೦ ಯೆನ್ ಸಂಬಳದ ಇಂಗ್ಲಿಷ್ ಮೇಷ್ಟರಾದನು. ಮರುವರ್ಷ ೨೦೦ ಯೆನ್ನಿಗೆ ಕುಮಾಮೊತೊದ ಉನ್ನತ ಶಾಲೆಗೆ ಹೋದನು. ಸಮುರಾಯಿ ಮನೆತನದ ಕೊಯಿಜುಮಿ ಸೆತ್ಸುವಿನ ಕೈಹಿಡಿದು ಆಕೆಯ ಹಿರಿಯರನ್ನೂ ಸಾಕುತ್ತಿದ್ದನು. ೧೮೯೩ರಲ್ಲಿ ಮಗ ಹುಟ್ಟಿದಾಗ ಇಕ್ಕಟ್ಟು ಎದುರಾಯಿತು. ೧೮೭೩ರ ಶಾಸನದ ಪ್ರಕಾರ ವಿದೇಶೀಯನನ್ನು ವಿಧಿವತ್ತಾಗಿ ಮದುವೆಯಾದ ಹೆಂಗಸು ಜಪಾನೀ ಪ್ರಜೆಯಾಗಿ ಉಳಿಯುತ್ತಿರಲಿಲ್ಲ. ಮದುವೆಯನ್ನು ಬ್ರಿಟಿಷ್ ಕಚೇರಿಯಲ್ಲಿ ದಾಖಲು ಮಾಡಿಸಿದರೆ ಹೆಂಡತಿ ತನ್ನ ನಾಡಿನಲ್ಲೇ ಪರಕೀಯಳಾಗುವಳು. ಮಾಡಿಸದಿದ್ದರೆ ತಾನು ಸತ್ತ ಮೇಲೆ ಹೆಂಡತಿ ಮಕ್ಕಳಿಗೆ ಆಸ್ತಿ ಸಲ್ಲುವ ಭರವಸೆಯಿಲ್ಲ. ಅದೇ ಶಾಸನದಲ್ಲಿ ಉಳಿದಿದ್ದ ದಾರಿಯೆಂದರೆ ಹೆಂಡತಿಯ ಮನೆಗೆ ದತ್ತು ಅಳಿಯನಾಗಿ ಸೇರುವುದು. ೧೮೯೬ರಲ್ಲಿ ಹರ್ನನು ಕೊಯಿಜುಮಿ ಯಾಕುಮೊ ಎಂಬ ಹೆಸರಿನಿಂದ ಜಪಾನೀ ಪ್ರಜೆಯಾದನು.

ಇನ್ನು ರಹದಾರಿ ಬೇಕಿಲ್ಲ, ಹತ್ತು ರಿಯ ಎಲ್ಲೆಯಿಲ್ಲ. ಆದರೆ ಜಪಾನೀಯನಾದವನಿಗೆ ಜಪಾನೀ ಸಂಬಳವೇ ಸಾಕೆಂದು ಸರ್ಕಾರ ಹೇಳೀತು ಎಂಬ ಅಂಜಿಕೆ ಆತನ ಪತ್ರಗಳಲ್ಲಿ ಕಾಣುತ್ತದೆ. ಬೋಸರು ತಮ್ಮ ನೆಲದಲ್ಲಿ ಪರಕೀಯರಷ್ಟು ಸಂಬಳ ಕೇಳಿ ಹೋರಾಡಿದರೆ, ಪರನೆಲವನ್ನು ತನ್ನದಾಗಿಸಿಕೊಂಡವನು ಪರಕೀಯನ ಸಂಬಳ ತಪ್ಪೀತೆಂದು ಅಂಜಿದನು. ಟೋಕಿಯೊ ಸಾಮ್ರಾಟ್ ವಿಶ್ವವಿದ್ಯಾನಿಲಯದ ಡೀನ್ ತೊಯಾಮ ಮಸಕಜು ಈತನ ಬೆಲೆ ಬಲ್ಲವನಾಗಿದ್ದು, ೧೮೯೬ರಲ್ಲಿ ೪೦೦ ಯೆನ್ ವೇತನದ ಮೇಲೆ ಇಂಗ್ಲಿಷ್ ಸಾಹಿತ್ಯ ಬೋಧಿಸಲು ಕರೆಸಿದನು. ೧೯೦೦ರಲ್ಲಿ ತೊಯಾಮ ತೀರಿಕೊಂಡನು. ೧೯೦೩ರ ಜನವರಿಯಲ್ಲಿ, ಮಾರ್ಚ್ ೩೧ಕ್ಕೆ ಮುಗಿಯುವ ಕರಾರನ್ನು ಮುಂದುವರಿಸಲಾಗದೆಂಬ ಪತ್ರ ಹರ್ನನ ಕೈಸೇರಿತು. ಆತನಿಗೆ ಆಗ ಐವತ್ತೆರಡು ವರ್ಷ. ನಾಲ್ಕನೆಯ ಮಗು ಹುಟ್ಟಿದ್ದು ಆ ವರ್ಷವೇ. ವಿದ್ಯಾರ್ಥಿಗಳು ಸಭೆ ಸೇರಿ ಪ್ರತಿಭಟಿಸಿದರು. ವಿಶ್ವವಿದ್ಯಾನಿಲಯವು ತುಸು ಮೆತ್ತಗಾಗಿ, ಕಡಿಮೆ ಗಂಟೆಗಳ ಪಾಠಕ್ಕೆ ಕಡಿಮೆ ಸಂಬಳವೆಂದು ಸೂಚಿಸಿತು. ಆತ ಒಪ್ಪಲಿಲ್ಲ.

ಆತನ ಸ್ಥಾನಕ್ಕೆ ಬಂದವರು ಮೂವರು. ಆರ್ಥರ್ ಲಾಯ್ಡ್ ಎಂಬ ಆಂಗ್ಲನೊಬ್ಬ. ಹರ್ನನ ಶಿಷ್ಯನೇ ಆದ ಉಯೆದ ಬಿನ್. ಸರ್ಕಾರದ ವೇತನದಲ್ಲಿ ಲಂಡನ್ನಿನಲ್ಲಿ ಓದಿ ಅದೇ ಜನವರಿಯಲ್ಲಿ ಮರಳಿದ್ದ ನತ್ಸುಮೆ ಸೊಸೆಕಿ. ಮುಂದೆ ಮಹಾಕಾದಂಬರಿಕಾರನಾದ ಸೊಸೆಕಿಗೆ ಅಲ್ಲಿ ಗೊತ್ತಾದ ಸಂಬಳ ವರ್ಷಕ್ಕೆ ೮೦೦ ಯೆನ್, ಎಂದರೆ ಹರ್ನನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚಿಲ್ಲ. ಈ ಲೆಕ್ಕವನ್ನು ನೋಡಿದ ಮೇಲೆ ವಿಶ್ವವಿದ್ಯಾನಿಲಯದ ನಿರ್ಣಯಕ್ಕೆ ದ್ವೇಷದ ಕಾರಣ ಹುಡುಕುವುದು ಅನಾವಶ್ಯಕವೆಂದು ನನ್ನ ಅಭಿಪ್ರಾಯ. ಕಾಂಡರನಿಗೆ ಅನ್ವಯಿಸಿದ ನಿಯಮವೇ ಇಲ್ಲಿಯೂ ಅನ್ವಯಿಸಿತು. ಭೇದವೆಂದರೆ, ಈ ಸಲ ಅದು ಪ್ರಜೆಯಾದವನ ಮೇಲೆ ಬಿದ್ದಿತು: ಪೌರತ್ವವು ಮನೆಯನ್ನು ಉಳಿಸಿಕೊಟ್ಟಿತು, ಪೀಠವನ್ನು ಉಳಿಸಲಿಲ್ಲ. ಹರ್ನನು ೧೯೦೪ರಲ್ಲಿ ವಸೇದದಲ್ಲಿ ಕೆಲವು ತಿಂಗಳು ಪಾಠ ಹೇಳಿ, ಸೆಪ್ಟೆಂಬರ್ ೨೬ರಂದು ಮರಣ ಹೊಂದಿದನು.

ಪದ್ಧತಿಯ ಒಳಗಿದ್ದೇ ಅದನ್ನು ವಿಮರ್ಶಿಸಿದವನು ಜರ್ಮನ್ ವೈದ್ಯ ಅರ್ವಿನ್ ಬೆಲ್ಜ್. ಎರಡು ವರ್ಷದ ಕರಾರಿನ ಮೇಲೆ ೧೮೭೬ರಲ್ಲಿ ಬಂದ ಆತನ ಅವಧಿ ಮತ್ತೆ ಮತ್ತೆ ಬೆಳೆದು ಕಾಲು ಶತಮಾನವಾಯಿತು. ೧೯೦೧ರ ನವೆಂಬರಿನಲ್ಲಿ ನಡೆದ ಸನ್ಮಾನ ಸಭೆಯಲ್ಲಿ ಆತ ಹೇಳಿದುದರ ಸಾರವಿಷ್ಟು: ವಿಜ್ಞಾನವು ಒಂದೆಡೆಯಿಂದ ಇನ್ನೊಂದೆಡೆಗೆ ಹೊತ್ತೊಯ್ಯುವ ಯಂತ್ರವಲ್ಲ, ತಕ್ಕ ಹವೆಯಲ್ಲಿ ಬೆಳೆಯುವ ಜೀವ; ಅದನ್ನು ನೆಟ್ಟು ಬೆಳೆಸಬಲ್ಲವರನ್ನು ಜಪಾನೀಯರು ಬಹುವೇಳೆ ಹಣ್ಣು ಮಾರುವವರಂತೆ ಕಂಡರು. ಸನ್ಮಾನದ ದಿನ ಆಡಲು ಇದು ಒರಟಾದ ಮಾತೇ ಸರಿ. ಇಪ್ಪತ್ತೈದು ವರ್ಷ ನವೀಕರಣಕ್ಕಾಗಿ ಕಾದವನಿಗೆ ಅದನ್ನಾಡುವ ಅಧಿಕಾರವಿತ್ತು.

೧೮೯೪ರಲ್ಲಿ ಬ್ರಿಟನ್ನಿನೊಡನೆ ಸಹಿಯಾದ ಹೊಸ ಒಪ್ಪಂದವು ೧೮೯೯ರ ಜುಲೈ ೧೭ರಂದು ಜಾರಿಗೆ ಬಂದಾಗ ರಾಯಭಾರಿಗಳ ನ್ಯಾಯಾಲಯಗಳು ಮುಚ್ಚಿದವು, ಒಳನಾಡು ತೆರೆಯಿತು. ಅಧ್ಯಾಪಕರ ಕರಾರು ಮಾತ್ರ ಬದಲಾಗಲಿಲ್ಲ. ರಾಷ್ಟ್ರೀಯ ವಿಶ್ವವಿದ್ಯಾನಿಲಯಗಳಲ್ಲಿ ಪರದೇಶದವರು 'ವಿದೇಶೀ ಅಧ್ಯಾಪಕ'ರೆಂಬ ಪ್ರತ್ಯೇಕ ವರ್ಗದಲ್ಲಿ, ವರ್ಷ ವರ್ಷ ನವೀಕರಿಸುವ ಕರಾರಿನ ಮೇಲೆ ದುಡಿಯುವುದು ೨೦ನೆಯ ಶತಮಾನದಲ್ಲಿಯೂ ನಡೆಯಿತು. ಅವರು ನಿಯತ ಪ್ರಾಧ್ಯಾಪಕರಾಗಲು ಅವಕಾಶ ಕೊಟ್ಟ ವಿಶೇಷ ಕಾನೂನು ಬಂದುದು ೧೯೮೨ರಲ್ಲಿ. ೨೦೦೪ರಲ್ಲಿ ಈ ವಿಶ್ವವಿದ್ಯಾನಿಲಯಗಳು ಸ್ವಾಯತ್ತ ಸಂಸ್ಥೆಗಳಾದ ಮೇಲೆ ಅಲ್ಲಿನ ಅಧ್ಯಾಪಕರು ಸರ್ಕಾರಿ ನೌಕರರಾಗಿ ಉಳಿಯಲಿಲ್ಲ. ಈಗ ಜಪಾನಿನಲ್ಲಿ ವಿಶ್ವವಿದ್ಯಾನಿಲಯದ ಪ್ರಾಧ್ಯಾಪಕನಿಗೆ ಒಂದು, ಶಾಲೆಯ ಶಿಕ್ಷಕನಿಗೆ ಇನ್ನೊಂದು ವಾಸದ ದರ್ಜೆಯಿದೆ. ಮೂರು ತಿಂಗಳು, ಒಂದು, ಮೂರು ಅಥವಾ ಐದು ವರ್ಷಗಳ ಅವಧಿ ಸಿಗುತ್ತದೆ. ಅದು ತೀರುವುದಕ್ಕೆ ಮೂರು ತಿಂಗಳು ಮುಂಚಿನಿಂದ ನವೀಕರಣದ ಅರ್ಜಿ ಸಲ್ಲಿಸಬಹುದು. ಸಕಾಲದಲ್ಲಿ ಸಲ್ಲಿಸಿದವನು ತೀರ್ಮಾನ ಹೊರಡುವವರೆಗೆ, ಅವಧಿ ಮೀರಿ ಎರಡು ತಿಂಗಳ ತನಕ, ಇರಬಹುದು. ಅರ್ಜಿಯ ಜೊತೆ ಲಗತ್ತಿಸಬೇಕಾದ ಕಾಗದಗಳಲ್ಲಿ ನೌಕರಿಯ ರುಜುವಾತು ಈಗಲೂ ಇದೆ.