ನಂಜುಂಡ ವಿಷ ತಿಂದನೋ, ಕುಡಿದನೋ?

ನಂಜನಗೂಡಿನ ದೇವರ ಹೆಸರನ್ನು ಇಂಗ್ಲಿಷಿಗೆ ತರೋದು ಹೇಗೆ ಅಂತ ಯಾವತ್ತಾದ್ರೂ ಯೋಚಿಸಿದ್ದೀರಾ? ನಂಜು + ಉಂಡ, ನಂಜುಂಡ. 'ಈಟ್' ಅಂದ್ರೆ, ಹಾಲಾಹಲವೇನು ರಾಗಿಮುದ್ದೆಯಾ ಅನ್ನಿಸುತ್ತೆ. 'ಡ್ರಿಂಕ್' ಅಂದ್ರೆ 'ಉಂಡ' ಕೈಬಿಟ್ಟು ಹೋಗುತ್ತೆ.

ತೊಡಕು ಇಂಗ್ಲಿಷಿನದು, ನಮ್ಮದಲ್ಲ. 'ಉಣ್' ಅನ್ನೋ ದ್ರಾವಿಡ ಧಾತು ತಮಿಳು, ಮಲಯಾಳಗಳಲ್ಲೂ ಇದೆ. ತಿನ್ನೋದು, ಕುಡಿಯೋದು ಎರಡಕ್ಕೂ ಸಲ್ಲುತ್ತೆ. ಮಗು ಈಗಲೂ ಮೊಲೆ ಉಣ್ಣುತ್ತೆ, ಗದ್ದೆಗೆ ನೀರುಣಿಸ್ತೀವಿ. ಅನುಭವಿಸೋದೂ ಉಣ್ಣೋದೇ... ಮಾಡಿದ್ದುಣ್ಣೋ ಮಹರಾಯ! ಲೋಕದ ಸಂಕಟವನ್ನೆಲ್ಲ ತಾನೇ ನುಂಗಿದವನಿಗೆ ಇದಕ್ಕಿಂತ ಒಪ್ಪುವ ಕ್ರಿಯಾಪದ ನನಗಂತೂ ಕಾಣಿಸಲ್ಲ.

ಹಾಗಂತ 'ಈಟ್' ಬಡಪಾಯಿಯೇನಲ್ಲ. ಹಳೆಯ ಇಂಗ್ಲಿಷಿನಲ್ಲಿ ಅದು 'ಎಟನ್'. ಜರ್ಮನ್ನಿನ 'ಎಸ್ಸೆನ್', ಲ್ಯಾಟಿನ್ನಿನ 'ಎಡೆರೆ', ಸಂಸ್ಕೃತದ 'ಅದ್' ಎಲ್ಲ ಒಂದೇ ಬೇರಿನವು. ಆ 'ಅದ್'ನಿಂದ ಹುಟ್ಟಿದ್ದೇ 'ಅನ್ನ', ಅಂದ್ರೆ ತಿಂದದ್ದು. ನಮ್ಮ ತಟ್ಟೆಯ ಅನ್ನವೂ ಅವರ 'ಈಟ್' ಕೂಡ ದಾಯಾದಿಗಳು, ನೋಡಿ! ಕೊರಗೋದಕ್ಕೆ ಹೇಳುವ 'ಫ್ರೆಟ್' ಕೂಡ ಇದೇ ಮನೆಯದು. ಮೊದಲಿಗೆ ಅದರರ್ಥ ಪೂರ್ತಿ ತಿಂದುಹಾಕು ಅಂತ. ಚಿಂತೆ ಒಳಗೊಳಗೇ ತಿನ್ನುತ್ತೆ ಅಂತ ನಾವೂ ಅಂತೀವಲ್ಲ. ಲೋಹದ ತಗಡನ್ನು ಆಮ್ಲಕ್ಕೆ ತಿನ್ನಿಸಿ ಚಿತ್ರ ಮೂಡಿಸುವ 'ಎಚ್' 17ನೇ ಶತಮಾನದಲ್ಲಿ ಡಚ್ಚರ ಮೂಲಕ ಬಂತು. ಅದರ ಮೂಲವಾದ ಜರ್ಮನ್ ಪದಕ್ಕೆ ಹಿಂದೆ 'ಉಣಿಸು' ಅಂತಲೇ ಅರ್ಥ.

ಇನ್ನೂ ತಮಾಷೆ 'ಪಾಯ್ಸನ್'ದು. ಅದರ ಲ್ಯಾಟಿನ್ ಮೂಲಕ್ಕೆ ಬರೀ ಪಾನೀಯ ಅಂತ ಅರ್ಥ. ಔಷಧಿಗೆ ಬಳಸುವ 'ಪೋಷನ್' ಕೂಡ ಅಲ್ಲಿಂದಲೇ ಬಂದದ್ದು. ನಮ್ಮಲ್ಲೂ ಮದ್ದು ಕೊಟ್ಟರೆ ವೈದ್ಯ, ಮದ್ದು ಹಾಕಿದರೆ ಬೇರೆಯೇ ಕಥೆ :-) ವಿಷ ಉಂಡವನನ್ನೇ ಟಿಪ್ಪು 'ಹಕೀಮ ನಂಜುಂಡ' ಅಂತ ಕರೆದನಂತೆ, ತನ್ನ ಆನೆಯ ಕಣ್ಣು ವಾಸಿಯಾದ ಮೇಲೆ. ನಂಜನಗೂಡಿನಲ್ಲಿ ಈ ಕಥೆ ಹೇಳದವರಿಲ್ಲ.

ಅಲ್ಲಿಂದ ಮುಂದೆ ಹರಿಯುವ ಕಪಿಲೆ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುತ್ತಾಳೆ. 1989ರಿಂದ ಕುಂಭಮೇಳ ನಡೆಸುತ್ತಿರೋದು ಇದೇ ಸಂಗಮದಲ್ಲಿ. 'ಅನ್ನ ಉಂಡೆ' ಅನ್ನುವಾಗಲೂ ಹೀಗೇ ಎರಡು ಹೊಳೆ ಸೇರುತ್ತವೆ. ಅನ್ನ ಸಂಸ್ಕೃತದ್ದು, ಉಂಡೆ ನಮ್ಮದು. ಸಂಗಮದಲ್ಲಿ ಕಣ್ಣಿಗೆ ಕಾಣದ ಮೂರನೆಯದೊಂದು ಇದೆ ಅಂತಾರೆ, ಸ್ಫಟಿಕ ಸರೋವರ. ಮಾತಿನಲ್ಲಿ ಹಾಗೆ ಕಾಣದಾಗ್ತಿರೋದು 'ಉಣ್ಣು'. ಪೇಟೆಯಲ್ಲಿ ಅದು 'ಊಟ ಮಾಡು' ಆಗಿ ಬಹಳ ಕಾಲವಾಯ್ತು, ಈಗಂತೂ 'ಲಂಚ್ ಆಯ್ತಾ?'. ಈ ಎರಡು ಊರುಗಳ ಸುತ್ತಿನ ಹಳ್ಳಿಗಳಲ್ಲಿ ಹಿರಿಯರು ಮಾತ್ರ ಇನ್ನೂ 'ಉಂಡ್ಯಾ?' ಅಂತ ಕೇಳ್ತಾರೆ. ನಿಮ್ಮೂರ ಕಡೆ ಏನಂತಾರೆ?